ಹೊಟ್ಟೆ ತುಂಬಿದ ಕೌದಿ

ಕೌದಿಗೆ ಹೊಸ ಬಟ್ಟೆ ಹಾಕಬಾರದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಆದರೆ ಹಾಕಿದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಹೊಸ ಬಟ್ಟೆಗೆ ಗಂಜಿಯ ಬಿಗುಮಾನ ಇರುತ್ತದೆ. ಪಕ್ಕದ ಬಟ್ಟೆಯೊಡನೆ ಅದು ಬೇಗ ಹೊಂದಿಕೊಳ್ಳುವುದಿಲ್ಲ. ಹತ್ತು ವರ್ಷ ಉಟ್ಟು, ಕಲ್ಲಿಗೆ ಬಡಿದು ಒಗೆದು, ಸೆರಗು ಹರಿದು, ಬಣ್ಣ ಅರ್ಧ ಹೋದ ಸೀರೆಯೇ ಕೌದಿಗೆ ಸರಿ. ಅದರ ಮೇಲೆ ಕೂಸಿನ ಅಂಗಿ, ಮನೆಯ ಹಿರಿಯನ ಧೋತರ, ಯಾರದೋ ಮದುವೆಯಲ್ಲಿ ಬಂದ ಕುಪ್ಪಸದ ಖಣ, ಹೀಗೆ ಒಂದೊಂದೇ ತುಂಡು ಬಂದು ಕೂಡುತ್ತದೆ. ಮಳೆಗಾಲದ ರಾತ್ರಿ ಮಕ್ಕಳು ಅದನ್ನು ಹೊದ್ದು ಮಲಗಿ, 'ಇದು ಅಜ್ಜಿಯದು, ಇದು ಸಣ್ಣತ್ತಿಯದು' ಎಂದು ತುಂಡುಗಳನ್ನು ಗುರುತಿಸುತ್ತ ನಿದ್ದೆ ಹೋಗುತ್ತವೆ. ಕೌದಿ ಇಲ್ಲದ ಮನೆಗಳ ಮಕ್ಕಳು ನಿದ್ದೆಗೆ ಮೊದಲು ಏನು ಓದುತ್ತವೆಯೋ ನನಗೆ ತಿಳಿಯದು.

ನಮ್ಮ ತೇರಗಾಂವ ಹಳಿಯಾಳ ತಾಲೂಕಿನ ಊರು. ಉತ್ತರ ಕನ್ನಡ ಜಿಲ್ಲೆಯೆಂದರೆ ದೂರದವರ ಕಣ್ಣಿಗೆ ಕಡಲು, ಅಡಿಕೆ ತೋಟ, ಯಕ್ಷಗಾನ ಬಂದು ನಿಲ್ಲುತ್ತವೆ. ನಮ್ಮಲ್ಲಿ ಕಡಲಂತೂ ಇಲ್ಲ, ಉಳಿದೆರಡೂ ಅಷ್ಟಕ್ಕಷ್ಟೇ. ನಾವು ಘಟ್ಟದ ಮೇಲಿನವರು, ಧಾರವಾಡಕ್ಕೆ ಹತ್ತಿರದವರು. ಒಂದು ದಿಕ್ಕಿಗೆ ಹೊರಟರೆ ದಾಂಡೇಲಿಯ ಕಾಡು, ಇನ್ನೊಂದು ದಿಕ್ಕಿಗೆ ಹೊರಟರೆ ಧಾರವಾಡದ ಕಪ್ಪು ನೆಲ. ನಡುವೆ ನಮ್ಮ ಭತ್ತ, ಕಬ್ಬು. ಮಾತೂ ಹಾಗೆಯೇ ಕಲಸಿದ್ದು. ಒಂದೇ ಓಣಿಯಲ್ಲಿ ಒಬ್ಬರು ಕೌದಿ ಎಂದರೆ, ಮರಾಠಿ ಮಾತಾಡುವ ನೆರೆಯವರು ಗೋಧಡಿ ಎನ್ನುತ್ತಾರೆ, ಕೆಲವರು ವಾಕಳ ಎನ್ನುತ್ತಾರೆ. ಕಾಡಿನೊಳಗಿನ ಸಿದ್ದಿಯರ ಬಾಯಲ್ಲಿ ಅದು ಕವಂದಿ. ಹೆಸರು ಏನಾದರೂ ಇರಲಿ, ಚಳಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ.

ನಾನು ೧೯೭೯ರಲ್ಲಿ ಈ ಊರಿಗೆ ಸೊಸೆಯಾಗಿ ಬಂದೆ. ಧಾರವಾಡ ಸೀಮೆಯ ತವರಿನಲ್ಲಿ ಕೌದಿ ಹೊದ್ದಿದ್ದೆ, ಒಗೆದಿದ್ದೆ, ಹೊಲಿದಿರಲಿಲ್ಲ. ಹೊಲಿಯುವುದನ್ನು ಕಲಿಸಿದವರು ನಮ್ಮ ಅತ್ತೆ. ಭತ್ತ ಒಕ್ಕಿ ಮುಗಿದು, ಸಂಕ್ರಾಂತಿ ದಾಟಿ, ಬಿಸಿಲು ಏರತೊಡಗಿದ ಮೇಲೆ ಅವರು ಅಂಗಳ ಸಾರಿಸಿ ತಳದ ಸೀರೆ ಹಾಸುತ್ತಿದ್ದರು. ತಳಕ್ಕೆ ಇಡಿಯ ಸೀರೆಯೇ ಬೇಕು. ಅದರ ಮೇಲೆ ಎರಡು ಮೂರು ಪದರು ಹಳೆಯ ಧೋತರ, ಲುಂಗಿ, ಕೆಲವೊಮ್ಮೆ ಹಿಟ್ಟಿನ ಚೀಲ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ನಾಲ್ಕು ಅಂಚಿಗೆ ಕಲ್ಲು ಹೇರಿ, ಸುಕ್ಕು ಎಳೆದು, ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿ ಕಟ್ಟಬೇಕು. ಆಮೇಲೆ ಸಾಲು ಶುರು. ಓಡುಹೊಲಿಗೆಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಒಂದು ಬೆರಳಿನ ಅಂತರ. ಬಟ್ಟೆಗಳ ಬೆಚ್ಚಗಿನ ಗುಣ ಇರುವುದು ಬಟ್ಟೆಯಲ್ಲಿ ಮಾತ್ರವಲ್ಲ, ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿ. ಸಾಲು ತೀರ ಒತ್ತಾದರೆ ಗಾಳಿಗೆ ಜಾಗವಿಲ್ಲ, ತೀರ ವಿರಳವಾದರೆ ಒಗೆತಕ್ಕೆ ಪದರು ಮುದ್ದೆಯಾಗುತ್ತದೆ. ಈ ಲೆಕ್ಕವನ್ನು ಅತ್ತೆ ಬೆರಳಿನಿಂದಲೇ ತಿಳಿದಿದ್ದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸದು ಎಂಬ ಪಾಠ ಮಾಡುತ್ತಿದ್ದಾಗಲೆಲ್ಲ ನಮ್ಮ ಅಂಗಳ ನೆನಪಾಗುತ್ತಿತ್ತು.

ಸಾಲುಗಳು ಅಂಚಿನಿಂದ ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತವೆ. ಕೊನೆಯ ಬಾಯಿ ಮುಚ್ಚುವ ಮೊದಲು ಅತ್ತೆ ಒಳಗೆ ಹೋಗಿ ಒಂದು ಚಿಟಿಕೆ ಅಕ್ಕಿ ತಂದು ಪದರಿನ ನಡುವೆ ಹಾಕಿ ಹೊಲಿದುಬಿಡುತ್ತಿದ್ದರು. 'ಏನ್ರೀ ಅತ್ತಿ ಇದು?' ಎಂದು ಮೊದಲ ವರ್ಷ ಕೇಳಿದೆ. 'ಹೊಟ್ಟಿ ತುಂಬಸಬೇಕವಾ. ಹಸದ ಕೌದಿ ಹೊಚ್ಚಿಕೊಂಡವರಿಗೆ ನಿದ್ದಿ ಹೆಂಗ ಬರ್ತದ?' ಎಂದರು. ಈ ಪದ್ಧತಿ ನಮ್ಮ ಸುತ್ತಲಿನ ಕೆಲವು ಮನೆಗಳಲ್ಲಿ ಇದೆ, ಸಿದ್ದಿಯರಲ್ಲಿಯೂ ಇದೆ. ಎಲ್ಲರ ಮನೆಯಲ್ಲಿಯೂ ಇದೆಯೆಂದು ಹೇಳಲಾರೆ.

ನಮ್ಮ ಮನೆಯಲ್ಲಿ ಪ್ರತಿ ಬೇಸಗೆ ಎರಡು ಮೂರು ಕೌದಿ ಆಗುತ್ತಿದ್ದವು. ಮೊದಲಿನವು ಮನೆಯವು. ಬಾಣಂತಿ ಮಗಳಿಗೆ, ತೊಟ್ಟಿಲ ಕೂಸಿಗೆ, ಹರಿದುಹೋದ ಹಳೆಯದರ ಬದಲಿಗೆ. ಕೊನೆಯದನ್ನು ಅತ್ತೆ 'ಹೊರಗಿನದು' ಎಂದು ಕರೆಯುತ್ತಿದ್ದರು. ಅದು ಮನೆಯವರಲ್ಲದವರಿಗೆ. ಒಂದು ವರ್ಷ ಗಂಡ ಸತ್ತ ಹೆಂಗಸಿಗೆ, ಒಂದು ವರ್ಷ ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಮುದುಕನಿಗೆ, ಒಂದು ವರ್ಷ ಮನೆಗೆ ಬೆಂಕಿ ಬಿದ್ದ ಕುಟುಂಬಕ್ಕೆ. ದಾನ ಎಂಬ ಮಾತನ್ನು ಅವರು ಆಡಿದ್ದು ನೆನಪಿಲ್ಲ. ಬೇರೆಯವರು ಆಡಿದರೆ, 'ದಾನ ಮಾಡಾಕ ನಾವೇನ್ ದೇಸಾಯರೇನ?' ಎಂದು ನಕ್ಕುಬಿಡುತ್ತಿದ್ದರು. ಅವರದೊಂದೇ ಕಟ್ಟಳೆ: ಯಾರಿಗೆ ಎಂದು ನಿಶ್ಚಯವಾಗದೆ ಸೂಜಿ ಹಿಡಿಯಬಾರದು. ಯಾರಿಗೆ ಎಂದು ಗೊತ್ತಾದರೆ ತಾನೆ ಅಳತೆ ಗೊತ್ತಾಗುವುದು? ಒಬ್ಬರು ಮಲಗುವುದೇ, ಇಬ್ಬರು ಮಕ್ಕಳನ್ನು ನಡುವೆ ಹಾಕಿಕೊಂಡು ನಾಲ್ವರು ಮಲಗುವುದೇ? ಮುದುಕರಾದರೆ ಭಾರ ಕಡಿಮೆಯಿರಬೇಕು, ಒಗೆಯಲು ಮನೆಯಲ್ಲಿ ಶಕ್ತಿವಂತರಿಲ್ಲದಿದ್ದರೆ ಇನ್ನೂ ಕಡಿಮೆ. ನೆನೆದ ಕೌದಿಯನ್ನು ಕೆರೆಯಿಂದ ಎತ್ತಿದವರಿಗೇ ಗೊತ್ತು ಅದರ ತೂಕ.

ಈ ಕಟ್ಟಳೆಯ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ೨೦೧೯ರಲ್ಲಿ.

ಆ ವರ್ಷದ ಆಗಸ್ಟ್ ತಿಂಗಳನ್ನು ಉತ್ತರ ಕರ್ನಾಟಕದವರು ಮರೆಯಲಾರರು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲೂಕಿನಲ್ಲಿ, ನಮ್ಮ ತಾಲೂಕಿನ ಗಡಿಗೆ ತಾಗಿದ ಸೀಮೆ ಅದು. ಅಲ್ಲಿಯ ಕಾಡಿನಲ್ಲಿ ಸುರಿದ ಮಳೆ ನಮ್ಮ ಕಿವಿಗೂ ಕೇಳಿಸಿತ್ತು. ಆ ನೀರು ಸವದತ್ತಿಯ ನವಿಲುತೀರ್ಥದ ಆಣೆಕಟ್ಟು ತುಂಬಿ, ಕೆಳಗಿನ ಬಯಲಿಗೆ ಇಳಿದು, ನದಿ ದಂಡೆಯ ಊರುಗಳ ಒಳಗೆ ಹೊಕ್ಕಿತು. ಕೃಷ್ಣೆ, ಘಟಪ್ರಭೆಯರೂ ಸುಮ್ಮನಿರಲಿಲ್ಲ. ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಸಾವಿರಾರು ಮಂದಿ ಮನೆ ಬಿಟ್ಟು ಶಾಲೆಗಳಲ್ಲಿ, ಗುಡಿಗಳಲ್ಲಿ ಬಂದು ಕೂತರು. ೨೦೦೯ರ ನೆರೆಯನ್ನು ಕಂಡವರಿಗೆ ಇದು ಎರಡನೆಯ ಸಲ.

ನಾಡಿನ ಮನಸ್ಸು ಕರಗಿತು. ಎಲ್ಲ ಊರುಗಳಂತೆ ನಮ್ಮ ಸುತ್ತಲಿನ ಹುಡುಗರೂ ಗಾಡಿ ಮಾಡಿಕೊಂಡು ಓಣಿ ಓಣಿ ತಿರುಗಿ ಅಕ್ಕಿ, ಬೇಳೆ, ಬಿಸ್ಕೀಟು, ಬಟ್ಟೆ ಕೂಡಿಸಿದರು. ಅಕ್ಕಿ ಬೇಳೆ ಅಂದೇ ಹೋದವು. ಬಟ್ಟೆ ವಿಂಗಡಿಸಲು ನಾಲ್ಕು ಹೆಂಗಸರು ಬೇಕೆಂದರು, ಹೋದೆವು. ಗುಡ್ಡೆ ನಮ್ಮ ಎದೆಮಟ್ಟ ಇತ್ತು. ಗುಂಡಿಯಿಲ್ಲದ ಅಂಗಿ, ಒಂದು ಕಾಲು ಹರಿದ ಪ್ಯಾಂಟು, ಜರಿ ಕಿತ್ತ ಲಂಗ, ಮದುವೆಯ ಕೋಟು, ಒಗೆಯದ ಒಳ ಉಡುಪು. ಮೊಣಕಾಲ ಮಟ್ಟದ ಕೆಸರಿನಲ್ಲಿ ನಿಂತವನು ಮದುವೆಯ ಕೋಟು ತೊಟ್ಟು ಎಲ್ಲಿಗೆ ಹೋಗಬೇಕು? ಕೊಟ್ಟವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕಪಾಟು ಖಾಲಿಯಾದ ಸುಖವೂ ಕೊಟ್ಟ ಸುಖವೂ ಒಂದೇ ರೀತಿ ಇರುವುದರಿಂದ ಮನುಷ್ಯನಿಗೆ ಬೇಗ ಗೊಂದಲವಾಗುತ್ತದೆ.

ಇದು ನಮ್ಮೂರಿನ ವಿಶೇಷವೇನಲ್ಲ. ೨೦೦೪ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಗಳ ಬದಿಯಲ್ಲಿ ಹೀಗೆ ಬಂದ ಬಟ್ಟೆಗಳ ರಾಶಿ ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು. ಅದನ್ನು ಎತ್ತಿ ವಿಂಗಡಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ ದಿಲ್ಲಿಯ ಗೂಂಜ್ ಸಂಸ್ಥೆ ಒಂದು. ಅಂಶು ಗುಪ್ತಾ ಅವರು ೧೯೯೯ರಲ್ಲಿ ತಮ್ಮ ಮನೆಯ ೬೭ ಬಟ್ಟೆಗಳಿಂದ ಆರಂಭಿಸಿದ ಸಂಸ್ಥೆ ಅದು. ೨೦೧೫ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬಟ್ಟೆಯನ್ನು ಸುಮ್ಮನೆ ಹಂಚುವುದಿಲ್ಲ. ಊರಿನವರೇ ಸೇರಿ ಬಾವಿ ತೋಡಿದರೆ, ರಸ್ತೆ ಸರಿಪಡಿಸಿದರೆ ಅದಕ್ಕೆ ಪ್ರತಿಯಾಗಿ ಬಟ್ಟೆ. ತೊಡಲು ಬಾರದ ಬಟ್ಟೆಯನ್ನು ಬಿಹಾರದ ಸುಜನಿಯ ಹಾಗೆ ಪದರು ಹಾಕಿ ಹೊಲಿಸುತ್ತಾರೆ. ಸುಜನಿ, ಬಂಗಾಲದ ಕಾಂಥಾ, ನಮ್ಮ ಕೌದಿ ಎಲ್ಲವೂ ಒಂದೇ ತಾಯಿಯ ಮಕ್ಕಳು.

ನಮಗೆ ಅಷ್ಟು ದೂರದ ಆಲೋಚನೆ ಇರಲಿಲ್ಲ. ಸಂಜೆ ಮನೆಗೆ ಬಂದು ಗುಡ್ಡೆಯ ವಿಷಯ ಹೇಳಿದೆ. ಅತ್ತೆಗೆ ಆಗ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. 'ಉಡಾಕ ಬರದಿದ್ರ ಹೊಚ್ಚಾಕ ಬರ್ತಾವಲ್ಲ. ಕೌದಿ ಹಾಕ್ರಿ' ಎಂದರು. ಮರುಕ್ಷಣವೇ, 'ಯಾರಿಗೆ?' ಎಂದರು.

ಯಾರಿಗೆ ಎಂದರೆ ನೆರೆ ಸಂತ್ರಸ್ತರಿಗೆ. ಆದರೆ ಸಂತ್ರಸ್ತರೆಂಬ ಹೆಸರಿನ ಮನುಷ್ಯರು ಎಲ್ಲಿದ್ದಾರೆ? ನನ್ನ ಜೊತೆ ಶಿಕ್ಷಕಿಯರ ತರಬೇತಿ ಪಡೆದ ಗೆಳತಿಯೊಬ್ಬಳು ಮಲಪ್ರಭೆಯ ದಂಡೆಯ ಊರಿನಲ್ಲಿದ್ದಳು. ಫೋನು ಮಾಡಿದೆ. ಮನೆ ಬಿದ್ದುಹೋದವರಲ್ಲಿ ತೀರ ಕಷ್ಟದಲ್ಲಿದ್ದ ಹನ್ನೊಂದು ಮನೆಗಳನ್ನು ಅವಳೇ ಆರಿಸಿ ಹೇಳಿದಳು: ಈ ಮನೆಯಲ್ಲಿ ಆರು ಮಂದಿ, ಅದರಲ್ಲಿ ಎರಡು ಹಾಲು ಕುಡಿಯುವ ಕೂಸು, ಈ ಮನೆಯಲ್ಲಿ ಅಜ್ಜಿ ಒಬ್ಬಳೇ, ಇಲ್ಲಿ ಅಣ್ಣ ತಮ್ಮ ಇಬ್ಬರೇ, ತಂದೆ ತಾಯಿ ದುಡಿಯಲು ಗೋವಾಕ್ಕೆ ಹೋಗಿದ್ದಾರೆ. ಅದನ್ನು ಒಂದು ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು ಗೋಡೆಗೆ ಅಂಟಿಸಿದೆವು. ಸಾಲಾಗಿ ಹನ್ನೊಂದು ಮನೆ. ಎದುರಿಗೆ ಅಡಿಯಲ್ಲಿ ಅಳತೆ.

ಗುಡ್ಡೆಯಿಂದ ಹತ್ತಿಯ ಬಟ್ಟೆ ಆರಿಸಿ ಒಗೆದದ್ದೇ ಎರಡು ವಾರದ ಕೆಲಸವಾಯಿತು. ಕೌದಿ ಬೇಸಗೆಯ ಹೊಲಿಗೆ. ಮಳೆಗಾಲದಲ್ಲಿ ಹೊಲಿದದ್ದು ನಮಗೆಲ್ಲ ಅದೇ ಮೊದಲು. ಹೊರಗೆ ಹಾಸಲು ಅಂಗಳವಿಲ್ಲ, ಒಳಗೆ ಬೆಳಕಿಲ್ಲ, ಒಗೆದದ್ದು ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಸೀರೆ ಹರವಿದರೆ ಹೊಗೆಯ ವಾಸನೆ ಹಿಡಿಯುತ್ತಿತ್ತು. ಓಣಿಯ ಒಂಬತ್ತು ಹೆಂಗಸರು, ಮೂರು ಜಾತಿ, ಎರಡು ಧರ್ಮ, ಮೂರು ಭಾಷೆ. ಮಧ್ಯಾಹ್ನದ ಊಟ ಮುಗಿಸಿ ಬರುವವರು, ದೀಪ ಹಚ್ಚುವ ಹೊತ್ತಿಗೆ ಏಳುವವರು. ಅತ್ತೆ ಹೊಲಿಯಲಾರರು, ಸಾಲಿನ ಮೇಲೆ ಬೆರಳು ಆಡಿಸಿ, 'ಇಲ್ಲಿ ಸೊಟ್ಟ ಹೋಗೇದ' ಎಂದು ಹೇಳುತ್ತಿದ್ದರು. ಕಾಣುವ ನಮಗೆ ಕಾಣದ್ದು ಅವರ ಬೆರಳಿಗೆ ಕಾಣುತ್ತಿತ್ತು. ಹೊಲಿಯುವಾಗ ಯಾರೂ 'ಸಂತ್ರಸ್ತರ ಕೌದಿ' ಎನ್ನಲಿಲ್ಲ. 'ಅಜ್ಜೀದು ಎಲ್ಲಿಗೆ ಬಂತು? ಆ ಹುಡುಗರದು ಮುಗೀತೇನು?' ಎನ್ನುತ್ತಿದ್ದರು. ನೋಡದ ಮಂದಿಯ ಸುಖದುಃಖ ಹತ್ತು ವಾರದಲ್ಲಿ ನಮ್ಮ ಮನೆಯ ಮಾತಾಗಿತ್ತು.

ಈ ನಡುವೆ ಮನೆಯಲ್ಲಿ ಒಂದು ವಾದ ನಡೆಯಿತು. ನನ್ನ ಮಗ ಲೆಕ್ಕದಲ್ಲಿ ಗಟ್ಟಿಗ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಕಂಬಳಿ ನೇಯುತ್ತಾರೆ. ಪಶ್ಚಿಮ ದೇಶದವರು ಧರ್ಮಕ್ಕೆಂದು ಕೊಟ್ಟ ಬಟ್ಟೆಯೂ ಅಲ್ಲಿಗೆ ಹಡಗಿನಲ್ಲಿ ಬಂದು ಚಿಂದಿಯಾಗುತ್ತದೆ. ಜಗತ್ತಿನಲ್ಲಿ ಎಷ್ಟೋ ಕಡೆ ಭೂಕಂಪವಾದಾಗ, ನೆರೆ ಬಂದಾಗ ಆ ಅಗ್ಗದ ಕಂಬಳಿಗಳು ಲಾರಿಗಟ್ಟಲೆ ಹೋಗಿವೆ. 'ನೀವು ಒಂಬತ್ತು ಮಂದಿ ಕೂಲಿಗೆ ಹೋಗಿ ಆ ದುಡ್ಡಿನಲ್ಲಿ ಕಂಬಳಿ ಕೊಂಡಿದ್ದರೆ ನೂರಾರು ಆಗುತ್ತಿದ್ದವು' ಎಂದ. ಲೆಕ್ಕ ತಪ್ಪಿರಲಿಲ್ಲ. ನೀರು ನುಗ್ಗಿದ ರಾತ್ರಿ ಬೇಕಾದದ್ದು ಕಂಬಳಿಯೇ. ಆ ರಾತ್ರಿ ಯಾರೂ ಕೌದಿಯ ಸಾಲು ಎಣಿಸುತ್ತ ಕೂಡಲಾರರು. ನಾನು ಉತ್ತರ ಕೊಡಲಿಲ್ಲ. ಉತ್ತರವನ್ನು ಮುಂದೆ ಕಾಲವೇ ಕೊಟ್ಟಿತು.

ಅಕ್ಟೋಬರಿನಲ್ಲಿ ಮಲಪ್ರಭೆ ಮತ್ತೊಮ್ಮೆ ಉಕ್ಕಿದಳು. ಅಷ್ಟು ಹೊತ್ತಿಗೆ ಪತ್ರಿಕೆಗಳ ಮೊದಲ ಪುಟದಲ್ಲಿ ಬೇರೆ ಸುದ್ದಿ ಬಂದಿತ್ತು. ಗಾಡಿಗಳು ನಿಂತಿದ್ದವು. ಕೂಡಿಸಿದ ಹುಡುಗರು ತಂತಮ್ಮ ಕೆಲಸಕ್ಕೆ ಹೋಗಿದ್ದರು. ನಮ್ಮ ಹನ್ನೊಂದು ಕೌದಿ ಮುಗಿದದ್ದು ದೀಪಾವಳಿಯ ಸುಮಾರಿಗೆ. ಕಾರ್ತಿಕದ ಮೊದಲ ವಾರ, ಚಳಿ ಕಾಲಿಡುವ ಹೊತ್ತಿಗೆ, ನಾವು ನಾಲ್ವರು ಅವನ್ನು ಒಂದು ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಮಂದಿ ತಗಡಿನ ತಾತ್ಕಾಲಿಕ ಮನೆಗಳಲ್ಲಿದ್ದರು. ಹಗಲು ಕಾದು ರಾತ್ರಿ ತಣ್ಣಗಾಗುವ ತಗಡು. ಆಗಸ್ಟಿನಲ್ಲಿ ಬಂದ ಕಂಬಳಿಗಳು ಎರಡನೆಯ ನೀರಿನಲ್ಲಿ ನೆನೆದು ಮುದ್ದೆಯಾಗಿದ್ದವು. 'ನೀವು ಈಗ ಬಂದ್ರಿ?' ಎಂದು ಒಬ್ಬ ಹೆಂಗಸು ಕೇಳಿದಳು. ಆ ಮಾತಿನಲ್ಲಿ ದೂರು ಇರಲಿಲ್ಲ, ಆಶ್ಚರ್ಯ ಇತ್ತು. ಎಲ್ಲರೂ ಬಂದುಹೋದ ಮೇಲೆ ಬಂದವರು ನಾವೊಬ್ಬರೇ. ಕೌದಿಯ ನಿಧಾನವೇ ಅದರ ದೊಡ್ಡ ಗುಣವೆಂದು ನನಗೆ ಹೊಳೆದದ್ದು ಆಗ. ಬೇಗ ಆಗದ ಕೆಲಸವಾದ್ದರಿಂದ ಅದು ಜನ ಮರೆತ ಮೇಲೆ ತಲುಪುತ್ತದೆ. ನೆರೆಯಲ್ಲಿ ಕಳೆದುಕೊಂಡವರಿಗೆ ಮೊದಲ ವಾರದ ಕಷ್ಟ ಒಂದು ಬಗೆಯದು, ಮೂರನೆಯ ತಿಂಗಳ ಕಷ್ಟ ಇನ್ನೊಂದು ಬಗೆಯದು. ಎರಡನೆಯದಕ್ಕೆ ಲಾರಿಗಳು ಬರುವುದಿಲ್ಲ.

ಒಬ್ಬಳೇ ಇದ್ದ ಅಜ್ಜಿ ತನ್ನ ಕೌದಿಯನ್ನು ಸುಮ್ಮನೆ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಹಾಸಿ, ಸುತ್ತ ನಡೆದು, ಮಗುಚಿ ತಳದ ಸೀರೆ ನೋಡಿ, ಸಾಲುಗಳ ಮೇಲೆ ಕೈಯಾಡಿಸಿದಳು. ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ. ನಡುವೆ ಬೆರಳಿಗೆ ಏನೋ ತಾಗಿತು. 'ಇದೇನವಾ, ಹಳ್ಳ ಹಾಕಿ ಹೊಲದೀರಿ?' ಎಂದಳು. ಹಳ್ಳಲ್ಲ ಅಜ್ಜಿ, ಅಕ್ಕಿ. ಕೌದಿಯ ಹೊಟ್ಟೆ ತುಂಬಿಸುವುದು ನಮ್ಮ ಪದ್ಧತಿ ಎಂದು ಹೇಳಿದೆವು. ಅಜ್ಜಿ ಬಾಯಿ ತುಂಬ ನಕ್ಕಳು. 'ಅಕ್ಕಿ ಉಂಡ ಕೌದಿ ನಮ್ಮ ಕಡೆ ಎಷ್ಟ ದಿನ ಬಾಳೀತು? ಇಲ್ಲೆ ಜ್ವಾಳ ತಿನ್ನಬೇಕು' ಎಂದು ಸೂಜಿ ಕೇಳಿದಳು. ನಾಲ್ಕು ಹೊಲಿಗೆ ಬಿಚ್ಚಿ, ಪಕ್ಕದ ಮನೆಯಿಂದ ತರಿಸಿದ ನಾಲ್ಕು ಕಾಳು ಜೋಳ ಹಾಕಿ, ತಾನೇ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಹಲ್ಲು ಮೂರೇ ಇದ್ದವು, ಆದರೂ ಕಡಿದಳು. ಅಲ್ಲಿಯವರೆಗೆ ಅದು ತೇರಗಾಂವದ ಕೌದಿ. ಗಂಟು ಬಿದ್ದ ಮೇಲೆ ಅಜ್ಜಿಯದು. ಊಟ ಮಾಡದೆ ಹೋಗಬೇಡಿರೆಂದು ಪಟ್ಟುಹಿಡಿದು, ಇದ್ದ ಹಿಟ್ಟಿನಲ್ಲಿಯೇ ರೊಟ್ಟಿ ಬಡಿಸಿದಳು. ನಾವು ಉಂಡೆವು. ಉಣ್ಣದೆ ಬಂದಿದ್ದರೆ ಅವಳಿಗೆ ಕೌದಿ ಭಾರವಾಗುತ್ತಿತ್ತು.

ಊರಿಗೆ ಮರಳಿದ ಮೇಲೆ, ಬೇರೆ ಬೇರೆ ದೇಶಗಳ ಹೆಂಗಸರು ಹೀಗೆ ಹೊಲಿದುಕೊಟ್ಟದ್ದನ್ನು ಕುರಿತು ಹುಡುಕಿ ಓದುವ ಹುಚ್ಚು ಹಿಡಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಹೆಂಗಸರು ಚರ್ಚುಗಳಲ್ಲಿ, ಹಳ್ಳಿಯ ಮನೆಗಳಲ್ಲಿ ಕೂತು ತುಂಡು ಬಟ್ಟೆಯ ಹೊದಿಕೆಗಳನ್ನು ಅಪಾರ ಸಂಖ್ಯೆಯಲ್ಲಿ ಹೊಲಿದು, ಬಾಂಬಿಗೆ ಮನೆ ಕಳೆದುಕೊಂಡ ಇಂಗ್ಲೆಂಡಿನ ಕುಟುಂಬಗಳಿಗೆ ರೆಡ್‌ಕ್ರಾಸ್ ಮೂಲಕ ಕಳಿಸಿದರು. ಅವುಗಳಲ್ಲಿ ಹಲವು ಇಂದಿಗೂ ಅಲ್ಲಿಯ ಮನೆಗಳಲ್ಲಿ ಉಳಿದಿವೆಯಂತೆ. ಹೊಲಿದವರ ಹೆಸರು ಮಾತ್ರ ಹೆಚ್ಚಿನವುಗಳ ಮೇಲೆ ಇಲ್ಲ. ಅಮೆರಿಕದಲ್ಲಿ ಏಡ್ಸ್ ಬಂದು ಜನ ಸಾಯುತ್ತಿದ್ದಾಗ, ಸತ್ತವರ ಹೆಸರು ಹೇಳಲೂ ಮನೆಯವರು ಅಂಜುತ್ತಿದ್ದ ಕಾಲದಲ್ಲಿ, ಗೆಳೆಯರು ಒಬ್ಬೊಬ್ಬರ ಹೆಸರಿಗೆ ಒಂದೊಂದು ತುಂಡು ಹೊಲಿದರು. ಮೂರಡಿ ಅಗಲ, ಆರಡಿ ಉದ್ದ, ಒಂದು ಗೋರಿಯ ಅಳತೆ. ೧೯೮೭ರ ಅಕ್ಟೋಬರಿನಲ್ಲಿ ವಾಷಿಂಗ್‌ಟನ್ನಿನ ಬಯಲಿನಲ್ಲಿ ೧,೯೨೦ ತುಂಡುಗಳನ್ನು ಜೋಡಿಸಿ ಹಾಸಿದರು. ಯಾರಿಗೂ ಹೊದಿಸದ ಆ ಹೊದಿಕೆ ಇಡೀ ದೇಶವನ್ನು ಬಡಿದೆಬ್ಬಿಸಿತು. ಓದುತ್ತ ನನಗೆ ನಮ್ಮ ಗೋಡೆಯ ಮೇಲಿನ ನೋಟುಬುಕ್ಕಿನ ಹಾಳೆ ನೆನಪಾಯಿತು. ಅತ್ತೆಯ 'ಯಾರಿಗೆ?' ಎಂಬ ಪ್ರಶ್ನೆಯನ್ನು ಅವರೂ ಕೇಳಿಕೊಂಡಿದ್ದರು.

ಅಷ್ಟು ದೂರ ಯಾಕೆ, ನಮ್ಮ ಕಾಡಿನ ಸಿದ್ದಿ ಹೆಂಗಸರ ಕವಂದಿಗಳೇ ಈಗ ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆ ಏರಿವೆ. ಸಿದ್ದಿಗಳ ಹಿರಿಯರು ಆಫ್ರಿಕದವರು. ಪೋರ್ಚುಗೀಜರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟ ಏರಿ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಕವಂದಿ ಒಂದು ಮೂಲೆಯಿಂದ ಆರಂಭವಾಗುತ್ತದೆ. ಮೊದಲೇ ಗೀರಿದ ನಕ್ಷೆಯಿಲ್ಲ. ಹೊಲಿಯುತ್ತ ಹೋದಂತೆ ಕೈಗೆ ಸಿಕ್ಕ ತುಂಡು ಸೇರುತ್ತದೆ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೆ ಮಡಚಿದ ಮೂರುಮೂಲೆಯ ತುಂಡುಗಳನ್ನು ಸೇರಿಸಿ ಹೂವು ಇಡುತ್ತಾರೆ, ಫೂಲ ಎನ್ನುತ್ತಾರೆ ಅದಕ್ಕೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಹೂವು ಚಳಿಯನ್ನೇನೂ ತಡೆಯುವುದಿಲ್ಲ. ಆದರೂ ಬಡವರಲ್ಲಿ ಬಡವರಾದ ಆ ಹೆಂಗಸರು ಹೂವಿಡದೆ ಕೊಡುವುದಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಸಿದ್ದಿಗಳನ್ನು ಕುರಿತು ಅಭ್ಯಾಸ ಮಾಡಲು ಬಂದವರು ಈ ಕವಂದಿಗಳಿಗೆ ಮಾರುಹೋದರು. ೨೦೦೪ರಲ್ಲಿ ಸಾರಾ ಖಾನ್ ಅವರೊಡನೆ ಸೇರಿ ಸಿದ್ದಿ ಹೆಂಗಸರದೊಂದು ಕೌದಿ ಸಹಕಾರ ಕೂಟಕ್ಕೆ ನೆರವಾದರು. ಮನೆಮಟ್ಟಿಗೆ ಇದ್ದ ಹೊಲಿಗೆಗೆ ಆಗ ದೂರದ ಕೊಳ್ಳುವವರು ಸಿಕ್ಕರು. ಈಗಂತೂ ಹೊರದೇಶದ ಹೊಲಿಗೆಗಾರ್ತಿಯರು ಕವಂದಿ ಎಂಬ ಹೆಸರಿನಿಂದಲೇ ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ.

ಇಲ್ಲಿಯೇ ಒಂದು ಸೂಕ್ಷ್ಮ ಇದೆ. ನಮ್ಮ ನೆಂಟರೊಬ್ಬರು ಬೆಂಗಳೂರಿನಿಂದ ಬಂದವರು ಒಂದು ಕವಂದಿ ಬೇಕೆಂದರು. ಕರೆದುಕೊಂಡು ಹೋದೆ. ಮೊದಲು, 'ಪಾಪ, ಈ ಹೆಂಗಸರಿಗೆ ನಮ್ಮಿಂದಾದ ಸಹಾಯ' ಎಂದರು. ಬೆಲೆ ಕೇಳಿದ ಮೇಲೆ, 'ಹಳೇ ಬಟ್ಟೆಗೆ ಇಷ್ಟೇ?' ಎಂದರು. ಹೊಲಿದವಳು ಏನೂ ಹೇಳದೆ ಕವಂದಿಯನ್ನು ಮಡಚಿ ಒಳಗಿಟ್ಟಳು. ಎರಡು ತಿಂಗಳ ಬಿಡುವಿನ ಹೊತ್ತೆಲ್ಲ ಅದರೊಳಗೆ ಇತ್ತು. ಸಹಾಯ ಮಾಡಲು ಬಂದವರು ಚೌಕಾಶಿಗೆ ಕೂಡಬಾರದು, ಕೊಳ್ಳಲು ಬಂದವರು ಅದನ್ನು ಸಹಾಯವೆಂದು ಕರೆಯಬಾರದು. ಸರಿಯಾದ ಬೆಲೆ ಕೊಟ್ಟವನು ಯಾರ ಮೇಲೂ ಉಪಕಾರ ಮಾಡಿಲ್ಲ. ಕೊಡಬೇಕೆಂದಿದ್ದರೆ ತಾನೇ ಸೂಜಿ ಹಿಡಿಯಬಹುದು.

ಯಂತ್ರದ ಮಾತನ್ನೂ ಆಡಿಬಿಡಬೇಕು. ಹೆಂಗಸರಿಗೆ ನೆರವೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಹೊಲಿಗೆ ಯಂತ್ರ. ವೇದಿಕೆ, ಹಾರ, ಫೋಟೋ, ಯಂತ್ರ. ಕೊಟ್ಟವರು 'ಇವಳು ಹೊಲಿಯುತ್ತಾಳೆಯೆ, ಹೊಲಿದದ್ದನ್ನು ಯಾರು ಕೊಳ್ಳುತ್ತಾರೆ' ಎಂದು ಕೇಳಿರದಿದ್ದರೆ, ಅದು ಮನೆಯ ಮೂಲೆಯಲ್ಲಿ ಟಿವಿ ಇಡುವ ಮೇಜಾಗುತ್ತದೆ. ಅಂಥ ಮೇಜುಗಳನ್ನು ಕಂಡಿದ್ದೇನೆ. ಆದರೆ ೨೦೨೦ರ ಲಾಕ್‌ಡೌನಿನಲ್ಲಿ ಅಂಥ ಯಂತ್ರಗಳೂ ಎದ್ದು ಕೂತವು. ರಾಜ್ಯದ ಸ್ವಸಹಾಯ ಸಂಘಗಳ ಹೆಂಗಸರು ಲಕ್ಷಗಟ್ಟಲೆ ಮಾಸ್ಕು ಹೊಲಿದರು. ನಮ್ಮ ಓಣಿಯ ಹುಡುಗಿ ಕೂಲಿಗೆ ಹೊಲಿದ ನೂರರ ಜೊತೆ ತನ್ನ ಕೈಯಿಂದ ಇಪ್ಪತ್ತು ಸೇರಿಸಿ, ಆಶಾ ಕಾರ್ಯಕರ್ತೆಯರಿಗೆ ಕೊಟ್ಟುಬಂದಳು. ಯಾರಿಗೆ ಎಂಬುದು ಅವಳಿಗೂ ಗೊತ್ತಿತ್ತು.

ಅತ್ತೆ ೨೦೨೨ರಲ್ಲಿ ತೀರಿಕೊಂಡರು. ಅವರ ಸೀರೆಗಳಲ್ಲಿ ಎರಡನ್ನು ಇಟ್ಟುಕೊಂಡು ಉಳಿದವನ್ನು ಕೌದಿಗೆ ಎತ್ತಿಟ್ಟೆ. ಅವು ಹತ್ತಿಯವು, ಇಳಕಲ್ಲಿನವು. ಈಗಿನ ನಮ್ಮ ಸೀರೆಗಳಲ್ಲಿ ಹೆಚ್ಚಿನವು ಪಾಲಿಸ್ಟರ್. ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯಿಂದ ಜಾರಿಕೊಳ್ಳುತ್ತವೆ. ಮುಂದಿನವರು ಕೌದಿಯನ್ನು ಯಾವುದರಿಂದ ಹೊಲಿದಾರು ಎಂಬ ಚಿಂತೆ ಒಮ್ಮೊಮ್ಮೆ ಬರುತ್ತದೆ. ಆ ಒಂಬತ್ತು ಮಂದಿಯಲ್ಲಿ ಆರು ಜನ ಇದ್ದೇವೆ. ಒಬ್ಬಳ ಮಗಳು ಹೊಸದಾಗಿ ಸೇರಿಕೊಂಡಿದ್ದಾಳೆ, ಅವಳ ಸಾಲು ಸೊಟ್ಟ, ಮಾತು ನೆಟ್ಟಗೆ. ಪ್ರತಿ ಬೇಸಗೆ ಒಂದು ಹೊರಗಿನ ಕೌದಿ ಇನ್ನೂ ಆಗುತ್ತದೆ.

ಈ ವರ್ಷದ್ದಕ್ಕೂ ಬಟ್ಟೆ ಕೂಡಿಸಿ, ಒಗೆದು, ಬಿಸಿಲಿಗೆ ಹಾಕಿ ಮಡಚಿಟ್ಟಿದ್ದೇವೆ. ಅಕ್ಕಿಯೂ ಇದೆ, ಜೋಳವೂ ಇದೆ. ಯಾರಿಗೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ಸೂಜಿಗೆ ದಾರ ಪೋಣಿಸಿಲ್ಲ.